ಶಾಲೆಯ ಮಕ್ಕಳೂ ಸೊಪ್ಪು ತರಕಾರಿ ಹಣ್ಣುಗಳೂ

2024ನೆಯ ಇಸವಿಯ ಜ್ಯೇಷ್ಠ ಮಾಸದಲ್ಲಿ, ಶಾಲೆಗಳು ತೆರೆದು ಹದಿನೈದು ದಿವಸಗಳಾಗಿದ್ದ ಸಮಯದಲ್ಲಿ, ಭದ್ರಾವತಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿ ನಾಲ್ಕು ದಿವಸ ನಿಂತಿದ್ದೆನು. ಶಿವಮೊಗ್ಗೆಯಿಂದ ಭದ್ರಾವತಿಗೆ ದೂರವೇನೂ ಹೆಚ್ಚಿಲ್ಲ. ಬಸ್ಸು ಹತ್ತಿದರೆ ಮುಕ್ಕಾಲು ಘಂಟೆಯಲ್ಲಿ ಇಳಿದುಬಿಡಬಹುದು. ಆದರೂ ಮನೆವಾರ್ತೆಯ ತೊಡಕಿನಲ್ಲಿ ಆರು ತಿಂಗಳಿಂದ ಅತ್ತ ಕಡೆ ಹೋಗುವುದಕ್ಕೆ ಆಗಿರಲಿಲ್ಲ. ನಾನು ಬಾಗಿಲಿಗೆ ಬಂದೊಡನೆ ಓಡಿಬಂದು ಕೈಚೀಲವನ್ನು ಕಸಿದುಕೊಳ್ಳುತ್ತಿದ್ದ ತಂಗಿಯ ಮೊಮ್ಮಗನು ಈ ಸಲ ಜಗಲಿಯ ಕಂಬಕ್ಕೆ ಒರಗಿ ಕುಳಿತೇ ಇದ್ದನು. ಅವನಿಗೆ ಆಗ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಮನೆಯಲ್ಲಿ ಪುಟ್ಟ ಎಂದು ಕರೆಯುತ್ತಾರೆ.

“ಏನೋ ಪುಟ್ಟ, ದೊಡ್ಡಜ್ಜಿ ಬಂದರೆ ಎದ್ದು ಬರಬಾರದೇನೋ?” ಎಂದೆನು. ಎದ್ದು ಬಂದನು, ಆದರೆ ನಾಲ್ಕು ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ಏದುಸಿರು. ಹತ್ತಿರಕ್ಕೆ ಕರೆದು ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದೆನು. ಕೆಂಪಾಗಿರಬೇಕಾದ ಒಳಪೊರೆಯು ಸುಣ್ಣದ ನೀರಿನಲ್ಲಿ ಅದ್ದಿದಂತೆ ಬೆಳ್ಳಗಿದ್ದಿತು. “ಮಳೆಗಾಲ ಹಿಡಿಯಿತಲ್ಲ ಅಕ್ಕ, ಶೀತವಾಗಿರಬೇಕು,” ಎಂದಳು ತಂಗಿ. ನನಗೆ ಸಮಾಧಾನವಾಗಲಿಲ್ಲ. ಮರುದಿವಸ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಬೆರಳಿನಿಂದ ಒಂದು ತೊಟ್ಟು ರಕ್ತವನ್ನು ತೆಗೆದು ಪರೀಕ್ಷಿಸಿದರು. ಈ ವಯಸ್ಸಿನ ಮಕ್ಕಳ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ದ್ರವ್ಯವು ಡೆಸಿಲೀಟರಿಗೆ ಹನ್ನೊಂದೂವರೆ ಗ್ರಾಮಿಗೆ ಕಡಿಮೆ ಇರಬಾರದಂತೆ. ಪುಟ್ಟನಲ್ಲಿ ಇದ್ದುದು ಒಂಬತ್ತು.

ಆ ದಿವಸ ಸಾಯಂಕಾಲ ಪುಟ್ಟನ ಅಜ್ಜನು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅವರು ಮೂವತ್ತು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. “ಜೀವಮಾನವೆಲ್ಲ ಕಬ್ಬಿಣದ ಮುಂದೆ ಬೆವರಿಳಿಸಿದೆ, ಮೊಮ್ಮಗನ ಮೈಯೊಳಗೆ ಒಂದು ಮೊಳೆಯಷ್ಟು ಕಬ್ಬಿಣ ನಿಲ್ಲಲಿಲ್ಲವಲ್ಲ!” ಎಂದರು. ಅವರು ಹಾಸ್ಯಕ್ಕೆ ಹೇಳಿದರೂ ಲೆಕ್ಕವು ಸರಿಯಾಗಿಯೇ ಇದೆ. ಬೆಳೆದ ಮನುಷ್ಯನ ದೇಹದಲ್ಲಿ ಇರುವ ಕಬ್ಬಿಣವೆಲ್ಲ ಸೇರಿದರೆ ಮೂರು ನಾಲ್ಕು ಗ್ರಾಂ, ಎಂದರೆ ಒಂದು ಸಣ್ಣ ಮೊಳೆಯ ತೂಕವಷ್ಟೇ. ಪೂರ್ವದಲ್ಲಿ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ, ಕಾರ್ಖಾನೆಯು ಮೊದಲಾಗಿ, 1923ರಲ್ಲಿ ಕುಲುಮೆಯಿಂದ ಕಬ್ಬಿಣವು ಹರಿಯಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಲು. ಇಂತಹ ಊರಿನಲ್ಲಿ ಹುಟ್ಟಿದ ಹುಡುಗನಿಗೆ ಕಬ್ಬಿಣದ ಅಭಾವವೆಂದರೆ ನಗಬೇಕೋ ಅಳಬೇಕೋ ತಿಳಿಯದು.

ಆದರೆ ಇದು ಪುಟ್ಟನೊಬ್ಬನ ಸಂಗತಿಯಲ್ಲ. 2019-20ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಗೆ ಮೇಲ್ಪಟ್ಟು ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದ್ದಿತು. ಆ ಮಕ್ಕಳೇ ಅಲ್ಲವೇ ನಾಲ್ಕಾರು ವರ್ಷಗಳಲ್ಲಿ ಪಾಟಿಚೀಲವನ್ನು ಹೊತ್ತು ಶಾಲೆಗೆ ಹೋಗುವವರು? ಮಗುವು ಪಾಠದಲ್ಲಿ ತೂಕಡಿಸಿದರೆ ಸೋಮಾರಿಯೆನ್ನುತ್ತೇವೆ, ಆಟದಲ್ಲಿ ಹಿಂದುಳಿದರೆ ಪುಕ್ಕಲನೆನ್ನುತ್ತೇವೆ. ಅನೇಕ ವೇಳೆ ಅದು ಸೋಮಾರಿಯೂ ಅಲ್ಲ, ಪುಕ್ಕಲೂ ಅಲ್ಲ.

ತಂಗಿಯ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ. ಪುಟ್ಟನ ತಂದೆಯು ಶಿವಮೊಗ್ಗೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಸೊಸೆಯು ಮನೆಯಲ್ಲಿಯೇ ಬಟ್ಟೆ ಹೊಲಿಯುತ್ತಾಳೆ, ಅಜ್ಜನ ಕೈಯಲ್ಲಿಯೂ ಅಷ್ಟಿಷ್ಟು ಹಣವಿದೆ. ಹೀಗಿರಲಾಗಿ ಹುಡುಗನಿಗೆ ಏಕೆ ಹೀಗಾಯಿತೆಂದು ನೋಡೋಣವೆಂದು, ಎರಡು ದಿವಸ ಅವನು ಬಾಯಿಗೆ ಹಾಕಿಕೊಂಡುದನ್ನೆಲ್ಲ ಮನಸ್ಸಿನಲ್ಲಿ ಬರೆದುಕೊಂಡೆನು. ಬೆಳಗ್ಗೆ ಒಂದು ಲೋಟ ಚಹಾ, ಅದರಲ್ಲಿ ಅದ್ದಿದ ನಾಲ್ಕು ಬಿಸ್ಕತ್ತು. ಬಳಿಕ ಎರಡು ದೋಸೆ, ಸಕ್ಕರೆಯೊಡನೆ. ಮಧ್ಯಾಹ್ನ ಶಾಲೆಯ ಊಟ. ಸಾಯಂಕಾಲ ಮೂಲೆಯಂಗಡಿಯ ಪೊಟ್ಟಣದ ಕುರುಕಲು, ಮತ್ತೆ ಅರ್ಧ ಲೋಟ ಚಹಾ. ರಾತ್ರಿ ಮೊಸರನ್ನ, ಉಪ್ಪಿನಕಾಯಿ. ಸಾರನ್ನು ಹಾಕಿಸಿಕೊಂಡರೂ ಮೇಲಿನ ತಿಳಿ ಮಾತ್ರ. ಹೋಳು ಬಿದ್ದರೆ ಎರಡು ಬೆರಳಿನಿಂದ ಎತ್ತಿ ತಟ್ಟೆಯ ಅಂಚಿಗೆ. ಆಲೂಗಡ್ಡೆಯೊಂದಕ್ಕೆ ಮಾತ್ರ ಅಭಯವಿದ್ದಿತು. ಎರಡು ದಿವಸದಲ್ಲಿ ಆ ಬಾಲಕನ ಹೊಟ್ಟೆಯನ್ನು ಸೇರಿದ ಹಸುರು ಪದಾರ್ಥವೆಂದರೆ ಒಗ್ಗರಣೆಯ ಒಂದು ಕರಿಬೇವಿನೆಲೆ. ಅದೂ ಅವನ ಕಣ್ಣು ತಪ್ಪಿ.

ಹಸಿವೆಯಲ್ಲಿ ಎರಡು ಬಗೆಯುಂಟು. ಹೊಟ್ಟೆ ಬರಿದಾಗಿ ಕೂಗುವ ಹಸಿವೆಯನ್ನು ಎಲ್ಲರೂ ಬಲ್ಲರು. ಹೊಟ್ಟೆಯು ತುಂಬಿ ತೇಗಿದರೂ ರಕ್ತ, ಎಲುಬು, ಕಣ್ಣುಗಳು ಒಳಗೊಳಗೇ ಉಪವಾಸವಿರುವುದು ಎರಡನೆಯದು. ಇದನ್ನು ನಮ್ಮ ದೇಶದಲ್ಲಿ ಮೊದಲಾಗಿ ಪ್ರಯೋಗದಿಂದ ತೋರಿಸಿಕೊಟ್ಟವರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಮುಖ್ಯರು. ಅವರು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಒಂದೇ ಕೊಠಡಿಯಲ್ಲಿ ಕೆಲಸವನ್ನು ಆರಂಭಿಸಿದರು. ಇಲಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ನಮ್ಮ ದೇಶದ ಒಂದೊಂದು ಪ್ರಾಂತದ ಜನರ ಊಟವನ್ನೇ ಹಾಕಿ ಸಾಕಿದರು. ಗೋಧಿಯ ರೊಟ್ಟಿ, ಹಾಲು, ಬೇಳೆ, ಧಾರಾಳವಾಗಿ ತರಕಾರಿ ಇದ್ದ ಊಟದ ಇಲಿಗಳು ಪುಷ್ಟವಾಗಿ ಬೆಳೆದವು. ಹೆಚ್ಚಾಗಿ ಬರಿಯ ಅಕ್ಕಿಯನ್ನೇ ನಂಬಿದ ಗುಂಪು ಬಡಕಲಾಯಿತು. ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಿಂದ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆದಿದೆ. ಅದು 2024ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ನಮ್ಮ ಊಟದ ತಟ್ಟೆಯ ಅರ್ಧಭಾಗವು ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಿರಬೇಕೆಂದು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಮಕ್ಕಳಿಗೆ ವಯಸ್ಸಿನಂತೆ ಪ್ರಮಾಣವನ್ನು ಗೊತ್ತುಮಾಡಿದೆ: ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 250 ಗ್ರಾಂ, ಆರರಿಂದ ಒಂಬತ್ತರವರಿಗೆ 350 ಗ್ರಾಂ, ಹತ್ತು ತುಂಬಿದವರಿಗೆ 400 ಗ್ರಾಂ, ಇವು ಕನಿಷ್ಠ ಪ್ರಮಾಣಗಳು. ಪುಟ್ಟನ ತಟ್ಟೆಯ ಅರ್ಧಭಾಗ! ತಂಗಿಗೆ ಇದನ್ನು ಓದಿ ಹೇಳಿದಾಗ ಅವಳು, “ಅಕ್ಕ, ಬರೆಯುವವರಿಗೇನು, ಅವರು ಬಂದು ತಿನ್ನಿಸಲಿ,” ಎಂದಳು. ಅವಳ ಮಾತಿನಲ್ಲಿಯೂ ನ್ಯಾಯವಿಲ್ಲದೆ ಇಲ್ಲ.

ಶಾಲೆಯ ಊಟವನ್ನು ಕಣ್ಣಾರೆ ನೋಡಬೇಕೆಂದು ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆಯನ್ನು ಪಡೆದು ಒಂದು ಮಧ್ಯಾಹ್ನ ಅಲ್ಲಿಗೆ ಹೋದೆನು. ಅಕ್ಷರ ದಾಸೋಹವೆಂಬ ಹೆಸರಿನಿಂದ ನಮ್ಮ ರಾಜ್ಯದಲ್ಲಿ ಬಿಸಿಯೂಟವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮುಂದೆ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. 2013ರ ಆಗಸ್ಟಿನಿಂದ ಹಾಲೂ ಸೇರಿತು. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ಕಟ್ಟಳೆ. ಮೇಲಿನ ತರಗತಿಗಳಿಗೆ ತರಕಾರಿಯು 75 ಗ್ರಾಂ. ನಾನು ನೋಡಿದ ದಿವಸ ಅನ್ನ, ಮತ್ತು ಕುಂಬಳಕಾಯಿ, ಹುರುಳಿಕಾಯಿ, ನುಗ್ಗೆಸೊಪ್ಪು ಹಾಕಿದ ಸಾಂಬಾರು. ಅಡಿಗೆಯ ಹೆಂಗಸರು ಇಬ್ಬರು, ಮಕ್ಕಳು ನೂರಕ್ಕೆ ಹತ್ತಿರ. ಸಾಂಬಾರಿನ ರುಚಿ ನಮ್ಮ ಮನೆಯದಕ್ಕೆ ಕಡಿಮೆಯಿರಲಿಲ್ಲ. ಹೊಗಳಿಕೆಗಾಗಿ ಹೇಳುತ್ತಿಲ್ಲ, ಎರಡನೆಯ ಸಲ ಹಾಕಿಸಿಕೊಂಡೆನು. ಆದರೆ ಊಟದ ಬಳಿಕ ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಕೆಳಗೆ ನೋಡಬೇಕು. ಕಟ್ಟೆಯ ಜಾಲರಿಯ ಮೇಲೆ ಕುಂಬಳಕಾಯಿಯ ಹೋಳುಗಳೂ ನುಗ್ಗೆಯ ಎಲೆಗಳೂ ಒಂದು ಬೊಗಸೆಗೂ ಹೆಚ್ಚಾಗಿ ಬಿದ್ದಿದ್ದುವು. ಸರ್ಕಾರವು ತೂಗಿ ಕೊಟ್ಟ ಐವತ್ತು ಗ್ರಾಮಿನಲ್ಲಿ ಎಷ್ಟೋ ಭಾಗವು ಬಾಯಿಯವರೆಗೆ ಬಂದು ಹಿಂದಿರುಗಿ, ಶಾಲೆಯ ಹಿಂದಿನ ಹಸುವಿಗೆ ಸಲ್ಲುತ್ತಿದ್ದಿತು. ಹಸು ಮಾತ್ರ ಬಹಳ ಪುಷ್ಟವಾಗಿದ್ದಿತು.

ಆಗ ವಾರಕ್ಕೆ ಎರಡು ದಿವಸ ಮೊಟ್ಟೆಯನ್ನೂ ಅದನ್ನು ಒಲ್ಲದ ಮಕ್ಕಳಿಗೆ ಬಾಳೆಹಣ್ಣನ್ನೂ ಕೊಡುತ್ತಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರದ ಆರು ದಿವಸಗಳಿಗೂ ವಿಸ್ತಾರವಾಯಿತು. ಪುಟ್ಟನದು ಮೊಟ್ಟೆ ತಿನ್ನದ ಮನೆ, ಆದುದರಿಂದ ಅವನಿಗೆ ಬಾಳೆಹಣ್ಣು. ಬಾಳೆಹಣ್ಣನ್ನು ಯಾವ ಮಗುವೂ ಜಾಲರಿಗೆ ಎಸೆಯುವುದಿಲ್ಲವೆಂಬುದು ದೊಡ್ಡ ಗುಣ. ಆದರೆ ಒಂದು ಬಾಳೆಹಣ್ಣು ಒಂದು ಮೊಟ್ಟೆಗೆ ಸಮವೆಂದು ತಾಯಂದಿರು ತಿಳಿಯಬಾರದು. ಮೊಟ್ಟೆಯಲ್ಲಿ ಆರು ಗ್ರಾಮಿನಷ್ಟು ಸಸಾರಜನಕವಿದ್ದರೆ ಹಣ್ಣಿನಲ್ಲಿ ಒಂದು ಗ್ರಾಂ. ಕಬ್ಬಿಣವೂ ಬಾಳೆಹಣ್ಣಿನಲ್ಲಿ ಅತ್ಯಲ್ಪ. ಮೊಟ್ಟೆ ಮಾಂಸಗಳನ್ನು ಬಿಟ್ಟ ಮನೆಯವರು ಆ ಕೊರತೆಯನ್ನು ಬೇಳೆ, ಕಾಳು, ಹಾಲು, ಸೊಪ್ಪುಗಳಿಂದ ತುಂಬಲೇಬೇಕು.

ಮಕ್ಕಳು ತರಕಾರಿಯನ್ನು ಒಲ್ಲದಿರುವುದು ಕೇವಲ ಹಟವಲ್ಲ. ಸಿಹಿಯನ್ನು ಮಗುವು ಹುಟ್ಟಿದಾಗಲೇ ಬಯಸುತ್ತದೆ. ಕಹಿಯನ್ನು ಹುಟ್ಟಿದಾಗಲೇ ಉಗುಳುತ್ತದೆ. ಕಾಡಿನಲ್ಲಿದ್ದ ನಮ್ಮ ಪೂರ್ವಿಕರಿಗೆ ಕಹಿಯೆಂದರೆ ಅನೇಕ ವೇಳೆ ವಿಷವೆಂದು ಅರ್ಥವಾಗಿದ್ದಿತು. ಆ ಎಚ್ಚರಿಕೆಯು ಇಂದಿಗೂ ಮಗುವಿನ ನಾಲಗೆಯಲ್ಲಿ ಕಾವಲು ಕುಳಿತಿದೆ. ದೊಡ್ಡವರಿಗಿಂತ ಮಕ್ಕಳಿಗೆ ಕಹಿಯು ತೀಕ್ಷ್ಣವಾಗಿ ತೋರುವುದೂ ಉಂಟು. ಈ ಕಾವಲುಗಾರನನ್ನು ಒಲಿಸುವ ಉಪಾಯವೊಂದೇ: ಪರಿಚಯ. ಅಮೆರಿಕದ ಲೀಆನ್ ಬರ್ಚ್ ಎಂಬ ವಿದುಷಿಯು 1980ರ ದಶಕದಲ್ಲಿ ಚಿಕ್ಕ ಮಕ್ಕಳ ಮೇಲೆ ಅನೇಕ ಪರೀಕ್ಷೆಗಳನ್ನು ನಡೆಸಿ, ಹೊಸ ಪದಾರ್ಥವನ್ನು ಹತ್ತಾರು ಬಾರಿ ಸ್ವಲ್ಪ ಸ್ವಲ್ಪವಾಗಿ ರುಚಿ ತೋರಿಸಿದರೆ ಮಕ್ಕಳಿಗೆ ಅದರಲ್ಲಿ ಇಷ್ಟವು ಹುಟ್ಟುವುದೆಂದು ಕಂಡಳು. ನಾವಾದರೋ ಎರಡು ಸಲ ಬಡಿಸಿ ಮಗು ಒಲ್ಲದಿದ್ದರೆ, “ಇವನಿಗೆ ಬದನೆ ಆಗುವುದಿಲ್ಲ” ಎಂದು ಬಂಧುಬಳಗಕ್ಕೆಲ್ಲ ಸಾರಿ, ಜನ್ಮಕ್ಕೆ ಒಂದು ಬಿರುದನ್ನೇ ಕಟ್ಟಿಬಿಡುತ್ತೇವೆ!

ಅದೇ ವಿದುಷಿಯ ಇನ್ನೊಂದು ಪರೀಕ್ಷೆಯಂತೂ ನನ್ನನ್ನು ನಾಚಿಸಿತು. ಒಂದು ಪಾನೀಯವನ್ನು ಕುಡಿದರೆ ಬಹುಮಾನ ಕೊಡುವೆವೆಂದು ಕೆಲವು ಮಕ್ಕಳಿಗೆ ಹೇಳಿದರು. ಮಕ್ಕಳು ಕುಡಿದವು. ಬಹುಮಾನದ ಆಸೆಯನ್ನು ನಿಲ್ಲಿಸಿದ ಮೇಲೆ ನೋಡಿದರೆ ಅವರಿಗೆ ಆ ಪಾನೀಯದಲ್ಲಿ ಮೊದಲಿದ್ದ ಇಷ್ಟವೂ ಕಡಿಮೆಯಾಗಿದ್ದಿತು. ಮಗುವಿನ ತರ್ಕವು ಸರಳವಾದುದು: ಕುಡಿಯುವುದಕ್ಕೆ ಲಂಚ ಕೊಡಬೇಕಾದರೆ ಅದು ಕೆಟ್ಟ ಪದಾರ್ಥವೇ ಇರಬೇಕು. “ಪಲ್ಯ ತಿಂದರೆ ಚಾಕೊಲೇಟು ಕೊಡುತ್ತೇನೆ” ಎಂದು ಎಷ್ಟು ಸಲ ನನ್ನ ಮಕ್ಕಳಿಗೇ ನಾನು ಹೇಳಿಲ್ಲ! ಪಲ್ಯವನ್ನು ನಿಂದಿಸಿ ಚಾಕೊಲೇಟನ್ನು ಹೊಗಳಿದ ಪಾಪವು ನನ್ನದೂ ಹೌದು. ಪೊಲೀಸಿನವನನ್ನು ಕರೆಯುವೆನೆಂದು ಹೆದರಿಸಿ ಬಾಯಿಗೆ ತುರುಕುವುದು ಇದಕ್ಕಿಂತಲೂ ಹೀನವಾದುದು.

ತಂಗಿಯ ಮನೆಯ ರೋಗದ ಬೇರು ಎಲ್ಲಿತ್ತೆಂಬುದು ಮೂರನೆಯ ರಾತ್ರಿ ಗೊತ್ತಾಯಿತು. ಬದನೆಕಾಯಿ ಹುಳಿ ಮಾಡಿದ್ದರು. ಎಲ್ಲರೂ ಒಟ್ಟಿಗೆ ಕುಳಿತಿದ್ದೆವು. ಪುಟ್ಟನು ಹೋಳುಗಳನ್ನು ಒಂದೊಂದಾಗಿ ಎತ್ತಿ ಅಂಚಿಗೆ ಜೋಡಿಸುತ್ತಿದ್ದನು. ಅವನಿಗೆ ಬುದ್ಧಿ ಹೇಳುತ್ತಿದ್ದ ಅಜ್ಜನ ತಟ್ಟೆಯನ್ನು ನೋಡಿದೆನು. ಅಲ್ಲಿಯೂ ಹಾಗೆಯೇ, ಅಂಚಿನಲ್ಲಿ ಐದು ಹೋಳುಗಳು, ಸಾಲಾಗಿ, ಅಷ್ಟೇ ನಾಜೂಕಾಗಿ! ಅಜ್ಜ ಮೊಮ್ಮಕ್ಕಳ ಕೈಬೆರಳಿನ ವಾಟವೂ ಒಂದೇ. ನಾನು ಏನನ್ನೂ ಆಡಲಿಲ್ಲ, ಎರಡು ತಟ್ಟೆಗಳನ್ನೂ ಒಂದಾದ ಮೇಲೊಂದು ನೋಡಿದೆನು, ಅಷ್ಟೆ. ತಂಗಿಯು ಬಾಯಿಗೆ ಸೆರಗು ಹಿಡಿದುಕೊಂಡಳು. ಹಿರಿಯರು ಬಹಳ ಹೊತ್ತು ಗಂಭೀರವಾಗಿದ್ದು, ಕೊನೆಗೆ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಆ ರಾತ್ರಿ ನಾವು ದೊಡ್ಡವರು ಮೂರು ನಾಲ್ಕು ಮಾತುಗಳನ್ನು ಗೊತ್ತುಮಾಡಿಕೊಂಡೆವು. ತರಕಾರಿಯ ವಿಷಯವಾಗಿ ಊಟದ ವೇಳೆಯಲ್ಲಿ ಉಪನ್ಯಾಸವಿಲ್ಲ, ಬೈಗುಳಿಲ್ಲ, ಬಹುಮಾನವೂ ಇಲ್ಲ. ಆದರೆ ಮಾಡಿದ ಪಲ್ಯದಲ್ಲಿ ಒಂದು ಚಮಚವನ್ನು, ಒಂದೇ ಚಮಚವನ್ನು, ಎಲ್ಲರೂ ತಿನ್ನತಕ್ಕದ್ದು, ಅಜ್ಜನೂ ಸಹ. ಊಟದೊಡನೆಯೂ ಅದರ ಹಿಂದುಮುಂದಿನ ಒಂದು ಘಂಟೆಯೊಳಗೂ ಹುಡುಗನಿಗೆ ಚಹಾ ಕೂಡದು, ಏತಕ್ಕೆಂದರೆ ಚಹಾದ ಒಗರು ಅನ್ನದಲ್ಲಿಯ ಕಬ್ಬಿಣವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡುವುದು. ಹುಳಿಯಲ್ಲಿರುವ ಸಿ ಜೀವಸತ್ತ್ವವು ಅದೇ ಕಬ್ಬಿಣವನ್ನು ಒಳಕ್ಕೆ ಕೈಹಿಡಿದು ಕರೆದೊಯ್ಯುತ್ತದೆ. ಒಗ್ಗರಣೆಯ ಎಣ್ಣೆಗೆ ಜುಗ್ಗುತನ ಬೇಡ, ಕುಂಬಳ ಕ್ಯಾರೆಟ್ಟು ಸೊಪ್ಪುಗಳಲ್ಲಿ ಕಣ್ಣಿಗೆ ಬೇಕಾದ ಸತ್ತ್ವವು ಜಿಡ್ಡಿಲ್ಲದಿದ್ದರೆ ಮೈಗೆ ಹತ್ತದು. ಇವೆಲ್ಲಕ್ಕಿಂತ ಮೊದಲು ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ತಪ್ಪದೆ ನುಂಗಿಸುವುದು. ಸೊಪ್ಪಿನಲ್ಲಿ ಕಬ್ಬಿಣವಿದ್ದರೂ ಅದರಲ್ಲಿ ಸ್ವಲ್ಪಾಂಶವನ್ನು ಮಾತ್ರ ದೇಹವು ಹೀರಬಲ್ಲದು. ಒಂಬತ್ತಕ್ಕೆ ಇಳಿದ ರಕ್ತವನ್ನು ಬರಿಯ ಬಸಳೆಯಿಂದ ಮೇಲೆತ್ತುವೆನೆಂದು ಹಟ ಹಿಡಿಯುವುದು ಮೂಢತನ. ಗುಳಿಗೆಯು ಬಿದ್ದವನನ್ನು ಎತ್ತಿ ನಿಲ್ಲಿಸುವುದಕ್ಕೆ, ಊಟವು ಮತ್ತೆ ಬೀಳದಂತೆ ನೋಡಿಕೊಳ್ಳುವುದಕ್ಕೆ.

ಆ ಭಾನುವಾರ ಹುಡುಗನನ್ನು ನನ್ನೊಡನೆ ಶಿವಮೊಗ್ಗೆಗೆ ಕರೆದುತಂದೆನು. ಮಾರುಕಟ್ಟೆಗೆ ಹೋಗಿ ಕೈಗೆ ಐವತ್ತು ರೂಪಾಯಿ ಕೊಟ್ಟು, “ನಿನಗೆ ಇಷ್ಟ ಬಂದ ತರಕಾರಿಯನ್ನು ನೀನೇ ಕೊಳ್ಳಪ್ಪ. ತಿನ್ನಬೇಕೆಂದು ಹೇಳುವುದಿಲ್ಲ,” ಎಂದೆನು. ಮಾರುವ ಹೆಂಗಸು ಅವನನ್ನು ದೊಡ್ಡ ಗಿರಾಕಿಯಂತೆ, “ಏನು ಬೇಕಣ್ಣ?” ಎಂದು ಮಾತನಾಡಿಸಿದಳು. ಅಷ್ಟಕ್ಕೇ ಅವನ ಎದೆಯು ಎರಡಂಗುಲ ಉಬ್ಬಿತು. ಬಹಳ ಹೊತ್ತು ಸುತ್ತಾಡಿ, ಹಳದಿಯ ಮೇಲೆ ಹಸುರು ಗೀರುಗಳಿದ್ದ ಒಂದು ಮೊಗೆಕಾಯಿಯನ್ನು ಎತ್ತಿಕೊಂಡನು. ಶಿವಮೊಗ್ಗೆಯ ಹೆಸರು ಸಿಹಿಮೊಗೆಯೆಂಬ ಮಾತಿನಿಂದ ಬಂದಿತೆಂದೂ, ಮೊಗೆಯೆಂದರೆ ಗಡಿಗೆಯೆಂದೂ ಹೇಳುವ ಕಥೆಯೊಂದುಂಟಷ್ಟೆ. ಅದನ್ನು ಹೇಳಿದೆನು. ದಾರಿಯುದ್ದಕ್ಕೂ, “ಸಿಹಿಮೊಗೆಯಲ್ಲಿ ಮೊಗೆಕಾಯಿ!” ಎಂದು ಹಾಡುತ್ತ ಅದನ್ನು ಮಗುವಿನಂತೆ ಎತ್ತಿಕೊಂಡು ಬಂದನು. ಹೆಚ್ಚುವಾಗ ಬೀಜವನ್ನು ತಾನೇ ತೆಗೆದನು. ಹುಳಿಯಾದ ಮೇಲೆ ಎರಡು ಹೋಳು ತಿಂದನು. ಮೂರನೆಯದನ್ನು ಅಂಚಿಗೆ ಇಟ್ಟನು, ನಾನು ನೋಡದವಳಂತೆ ಇದ್ದೆನು.

ಮಾರುಕಟ್ಟೆಯಲ್ಲಿ ಇನ್ನೊಂದು ವಿನೋದವುಂಟು. ಅಲ್ಲಿ ರಾಶಿ ಹಾಕಿರುವ ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ, ಪರಂಗಿ, ಪೇರಲೆ ಇವು ಯಾವುವೂ ಐದು ಶತಮಾನಗಳ ಹಿಂದೆ ಈ ನೆಲದಲ್ಲಿ ಇರಲಿಲ್ಲ. ಸಮುದ್ರವನ್ನು ದಾಟಿ ಬಂದುವು. ಸಸ್ಯಶಾಸ್ತ್ರಜ್ಞರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ಈ ವಿಷಯವನ್ನು ಕುರಿತೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಗ್ರಂಥವನ್ನು ಬರೆದಿದ್ದಾರೆ. ಹೆಸರನ್ನು ಕೇಳಿಯೇ ಪುಟ್ಟನು ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡನು. ಭೂಗೋಳದ ಪಾಠವನ್ನು ಹೀಗೆ ಹೊಟ್ಟೆಯಿಂದ ಆರಂಭಿಸಿದರೆ ಯಾವ ಹುಡುಗನೂ ತೂಕಡಿಸಲಾರನು.

ಹಣ್ಣಿನ ಸಂಗತಿಯಲ್ಲಿ ನಮ್ಮ ಜನರಿಗೆ ಒಂದು ಭ್ರಾಂತಿಯುಂಟು. ಮಗುವಿಗೆ ಮೈ ಸರಿಯಿಲ್ಲವೆಂದರೆ ನೋಡಬಂದವರೆಲ್ಲ ಸೇಬನ್ನೇ ತರುತ್ತಾರೆ. ಸೇಬು ಕೆಟ್ಟುದಲ್ಲ, ಆದರೆ ಹಿತ್ತಿಲಿನ ಪೇರಲೆಯ ಮುಂದೆ ಅದು ನಿಲ್ಲಲಾರದು. ನೂರು ಗ್ರಾಂ ಪೇರಲೆಯಲ್ಲಿ ಸಿ ಜೀವಸತ್ತ್ವವು ಸುಮಾರು 200 ಮಿಲಿಗ್ರಾಂ, ಕಿತ್ತಳೆಯಲ್ಲಿ ಅದರ ಕಾಲುಭಾಗಕ್ಕೂ ಕಡಿಮೆ, ಸೇಬಿನಲ್ಲಿ ಹತ್ತು ಮಿಲಿಗ್ರಾಮೂ ಇರದು. ಬೆಟ್ಟದ ನೆಲ್ಲಿಯು ಪೇರಲೆಗೂ ಮಿಗಿಲು. ಭದ್ರಾವತಿಯ ಹಳೆಯ ವಸತಿಗೃಹಗಳ ಹಿತ್ತಿಲುಗಳಲ್ಲಿ ಪೇರಲೆಯ ಗಿಡವನ್ನು ಕಾಣುವುದು ಕಷ್ಟವಲ್ಲ. ಅಳಿಲು ಬಾವಲಿಗಳು ಅದರ ಬೆಲೆಯನ್ನು ಬಲ್ಲವು, ನಾವು ಅಂಗಡಿಗೆ ಹೋಗುತ್ತೇವೆ. ಪಪ್ಪಾಯಿಯೂ ಹಾಗೆಯೇ, ಬಿತ್ತದೆ ಹುಟ್ಟಿ ವರ್ಷದೊಳಗೆ ಕಾಯಿ ಬಿಡುವ ಧರ್ಮಾತ್ಮ. ತೀರ್ಥಹಳ್ಳಿ ಸಾಗರಗಳ ಕಡೆಯ ಹಲಸು, ತೋಟದ ಪುಟ್ಟಬಾಳೆ, ಜ್ಯೇಷ್ಠದ ನೇರಳೆ, ಸೊರಬದ ಅನಾನಸು ಇಷ್ಟನ್ನು ಕಾಲಕಾಲಕ್ಕೆ ಕೊಟ್ಟರೆ ಕಾಶ್ಮೀರದ ಹಂಗು ಏತಕ್ಕೆ? ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರಸವನ್ನು ಮಾತ್ರ ಹಣ್ಣೆಂದು ಎಣಿಸಬಾರದು. ಅದರಲ್ಲಿ ನಾರು ಹೋಗಿ ಸಕ್ಕರೆ ಉಳಿದಿರುತ್ತದೆ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತರಕಾರಿ ಎಲ್ಲಿಂದ ತರುವುದೆಂದು ಕೇಳುವ ಗೃಹಿಣಿಯರು ಇರಬಹುದು. ಆಷಾಢದ ಜಡಿಮಳೆಗೆ ಹರಿವೆ, ಮೆಂತ್ಯದ ಮಡಿಗಳು ಕೊಳೆತುಹೋಗುವುದು ನಿಜ. ಆದರೆ ನಮ್ಮ ಅಜ್ಜಿಯರು ಆ ನಾಲ್ಕು ತಿಂಗಳನ್ನು ಉಪವಾಸದಲ್ಲಿ ಕಳೆದರೇ? ಚಪ್ಪರದ ಬಸಳೆ, ಬಚ್ಚಲ ನೀರಿನಲ್ಲಿ ಬೆಳೆಯುವ ಕೆಸು, ಅಟ್ಟದಲ್ಲಿ ಕಟ್ಟಿಟ್ಟ ಮೊಗೆಕಾಯಿ, ಬೂದುಗುಂಬಳ, ಬಾಳೆಯ ದಿಂಡು ಮತ್ತು ಹೂವು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮೂರು ದಿವಸ ನೀರು ಬದಲಾಯಿಸಿ ವಿಷವನ್ನು ಕಳೆದ ಬಿದಿರಿನ ಕಳಲೆ. ಒಂದೆಲಗದ ತಂಬುಳಿಯಂತೂ ಮಕ್ಕಳಿಗೆಂದೇ ಹುಟ್ಟಿದಂತಿದೆ. ಒಂದು ಹಿಡಿ ಒಂದೆಲಗ, ಸ್ವಲ್ಪ ಕಾಯಿತುರಿ, ನಾಲ್ಕು ಕಾಳು ಮೆಣಸು, ಜೀರಿಗೆ, ಇವನ್ನು ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕಲಸಿ ಒಗ್ಗರಿಸಿದರಾಯಿತು. ಕುದಿಸಬೇಕಾಗಿಲ್ಲ, ಆದುದರಿಂದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮೊಸರನ್ನವಲ್ಲದೆ ಬೇರೇನನ್ನೂ ಒಲ್ಲದ ಪುಟ್ಟನಿಗೆ ನಾವು ಹಿಡಿದ ಸುಲಭದ ಹಾದಿಯು ಇದೇ. ಬಿಳಿಯ ಅನ್ನವು ಹಸುರು ಅನ್ನವಾಯಿತು. ಕದ್ದು ಬೆರೆಸಲಿಲ್ಲ, ಅರೆಯುವಾಗ ಅವನನ್ನೇ ಕೂರಿಸಿ ಎಲೆಗಳನ್ನು ಎಣಿಸಿ ಹಾಕಿಸಿದೆವು. ಮಕ್ಕಳಿಗೆ ಮೋಸಮಾಡಿ ತಿನ್ನಿಸಿದ ಸೊಪ್ಪು ಒಂದು ದಿನ ಹೊಟ್ಟೆಗೆ ಹೋದೀತು, ಆದರೆ ಅದರೊಡನೆ ಸ್ನೇಹವಾಗದು.

ಹಸಿಯ ತರಕಾರಿಯ ವಿಷಯದಲ್ಲಿ ಉತ್ತರದವರು ನಮಗಿಂತ ಬುದ್ಧಿವಂತರೆಂದು ನನ್ನ ಅಭಿಪ್ರಾಯ. ಧಾರವಾಡ, ಬಿಜಾಪುರಗಳ ಕಡೆ ರೊಟ್ಟಿಯ ತಟ್ಟೆಯಲ್ಲಿ ಹಸಿಯ ಮೆಂತ್ಯಪಲ್ಲೆ, ಹಕ್ಕರಕಿ, ಸೌತೆ, ಉಳ್ಳಾಗಡ್ಡಿ ಇಲ್ಲದಿದ್ದರೆ ಊಟವೇ ಅಲ್ಲ, ಮಕ್ಕಳೂ ಕುರುಕುತ್ತಾರೆ. ನಮ್ಮಲ್ಲಿ ರಾಮನವಮಿಯ ಕೋಸಂಬರಿಗೆ ಕೈಯೊಡ್ಡುವ ಮಕ್ಕಳು ವರ್ಷವೆಲ್ಲ ಅದನ್ನೇ ಏಕೆ ತಿನ್ನಬಾರದು? ಹಬ್ಬಕ್ಕೆ ಮಾತ್ರ ಎಂದು ನಾವೇ ಕಟ್ಟಿಹಾಕಿದ್ದೇವೆ.

ಶ್ರಾವಣದಲ್ಲಿ ಮತ್ತೆ ಭದ್ರಾವತಿಗೆ ಹೋದಾಗ ಶಾಲೆಯಲ್ಲಿ ಒಂದು ಬದಲಾವಣೆಯನ್ನು ಕಂಡೆನು. ಶಾಲೆಗಳಲ್ಲಿ ಪೌಷ್ಟಿಕ ತೋಟಗಳನ್ನು ಮಾಡಬೇಕೆಂದು ಕೇಂದ್ರ ಸರ್ಕಾರವು 2019ರಲ್ಲಿಯೇ ಸೂಚನೆಗಳನ್ನು ಕಳುಹಿಸಿದ್ದಿತು. ಆ ಶಾಲೆಯಲ್ಲಿ ಮೊದಲು ಹಾಕಿದ ಮಡಿಯನ್ನು ಆಡುಗಳು ಮೇದಿದ್ದುವಂತೆ, ಎರಡನೆಯದನ್ನು ಆಷಾಢದ ಮಳೆ ಕೊಚ್ಚಿಕೊಂಡು ಹೋಗಿದ್ದಿತು. ತರುಣಿಯಾದ ಒಬ್ಬ ಉಪಾಧ್ಯಾಯಿನಿಯು ಧೈರ್ಯಗೆಡದೆ, ಮುರಿದ ಬೆಂಚಿನ ಹಲಗೆಗಳಿಂದ ಎತ್ತರವಾದ ಮಡಿಗಳನ್ನು ಕಟ್ಟಿಸಿ, ನೀರು ಬಸಿಯುವಂತೆ ಮಾಡಿ, ತರಗತಿಗೆ ಒಂದರಂತೆ ಹಂಚಿದ್ದಳು. ನಾಲ್ಕನೆಯ ತರಗತಿಯ ಪಾಲಿಗೆ ಹರಿವೆ ಬಂದಿದ್ದಿತು. ಅದು ಗೇಣುದ್ದವಾದ ದಿವಸ ಮಕ್ಕಳೇ ಕಿತ್ತು, ತೊಳೆದು ಅಡಿಗೆಮನೆಗೆ ಕೊಟ್ಟರು. ಆ ಮಧ್ಯಾಹ್ನ ನಲ್ಲಿಯ ಕೆಳಗಿನ ಜಾಲರಿಯಲ್ಲಿ ಹರಿವೆಯ ಒಂದೆಲೆಯೂ ಇರಲಿಲ್ಲವೆಂದು ಅಡಿಗೆಯ ಹೆಂಗಸು ಹೇಳಿದಳು. ಐದನೆಯ ತರಗತಿಯವರು ಮಾತ್ರ, “ಅದು ಅವರ ಸೊಪ್ಪು” ಎಂದು ಮುಖ ತಿರುಗಿಸಿದರಂತೆ! ಒಂದು ಮಡಿಯ ಸೊಪ್ಪು ನೂರು ಮಕ್ಕಳಿಗೆ ಎಷ್ಟಾದೀತು? ಲೆಕ್ಕಕ್ಕೆ ಅದು ಏನೂ ಅಲ್ಲ. ಆದರೆ ತಾನು ನೀರು ಹಾಕಿದ ಗಿಡವನ್ನು ಉಗುಳುವುದಕ್ಕೆ ಮಗುವಿಗೆ ಮನಸ್ಸು ಬಾರದು.

ಇಂಗ್ಲೆಂಡಿನಲ್ಲಿ 2004ರಿಂದ ನಾಲ್ಕರಿಂದ ಆರು ವರ್ಷದ ಶಾಲಾಮಕ್ಕಳಿಗೆ ಪ್ರತಿದಿನವೂ ಒಂದು ಹಣ್ಣನ್ನೋ ತರಕಾರಿಯನ್ನೋ ಸರ್ಕಾರವೇ ಕೊಡುತ್ತ ಬಂದಿದೆ. ಜಪಾನಿನಲ್ಲಿ ಶಾಲೆಯ ಊಟಕ್ಕೆಂದು 1954ರಲ್ಲಿ ಶಾಸನವಾಯಿತು. ಅಲ್ಲಿ ಮಕ್ಕಳೇ ಬಡಿಸುತ್ತಾರೆ, ಉಪಾಧ್ಯಾಯರು ಅವರೊಡನೆ ಕುಳಿತು ಅದೇ ಊಟವನ್ನು ಮಾಡುತ್ತಾರೆ. ನಮ್ಮಲ್ಲಿಯೂ ಉಪಾಧ್ಯಾಯರು ರುಚಿ ನೋಡಬೇಕೆಂಬ ನಿಯಮವುಂಟು. ರುಚಿ ನೋಡುವುದು ಬೇರೆ, ಮಕ್ಕಳ ಪಕ್ಕದಲ್ಲಿ ಕುಳಿತು ಕುಂಬಳಕಾಯಿಯ ಹೋಳನ್ನು ಸವಿದು ತೋರಿಸುವುದು ಬೇರೆ.

ಕಾರ್ತಿಕ ಮಾಸದಲ್ಲಿ ಪುಟ್ಟನ ರಕ್ತವನ್ನು ಮತ್ತೆ ಪರೀಕ್ಷಿಸಿದರು. ಹನ್ನೊಂದು ಮುಕ್ಕಾಲು ಇದ್ದಿತು. ಕೆನ್ನೆಯಲ್ಲಿ ಬಣ್ಣ ಬಂದಿದೆ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ನನ್ನ ಕೈಚೀಲವನ್ನು ಕಸಿದುಕೊಂಡು ಹೋದನು. ಅವನು ಈಗ ಎಲ್ಲವನ್ನೂ ತಿನ್ನುತ್ತಾನೆಂದು ಹೇಳಿದರೆ ಸುಳ್ಳಾದೀತು. ಹಾಗಲಕಾಯಿಯನ್ನು ಒಂದು ಚಮಚಕ್ಕೆ ಮೇಲೆ ಮುಟ್ಟುವುದಿಲ್ಲ, ಬೆಂಡೆಯ ಲೋಳೆಗೆ ಇನ್ನೂ ಮುಖ ಸಿಂಡರಿಸುತ್ತಾನೆ. ಮೂಲೆಯಂಗಡಿಯ ಪೊಟ್ಟಣವೂ ವಾರಕ್ಕೆ ಒಂದೆರಡು ಸಲ ಜೇಬಿನಲ್ಲಿ ಸದ್ದು ಮಾಡುತ್ತದೆಂದು ಸೊಸೆಯು ದೂರಿದಳು.

ಆ ರಾತ್ರಿ ಊಟಕ್ಕೆ ಬದನೆಕಾಯಿಯ ಎಣ್ಣೆಗಾಯಿ. ಎಲ್ಲರಿಗೂ ಬಡಿಸಿಯಾಗಿದ್ದಿತು. ನಾವು ಮಾತಿನಲ್ಲಿದ್ದೆವು. ಪುಟ್ಟನು ತನ್ನ ಪಾಲನ್ನು ಮುಗಿಸಿ, ಕತ್ತನ್ನು ಚಾಚಿ ಪಕ್ಕದ ತಟ್ಟೆಯನ್ನು ಬಹಳ ಹೊತ್ತು ನೋಡಿ, “ಅಜ್ಜ, ಒಂದು ಚಮಚ,” ಎಂದನು.